ಜುಲೈನಲ್ಲಿ ತೆಂಕಣ ಗಾಳಿ? ಆರ್‌ನಲ್ಲಿ ವೃತ್ತದ ಪ್ಲಾಟ್ ಎಡವಟ್ಟಾದಾಗ ಎಲ್ಲಿಂದ ಹುಡುಕಬೇಕು

ಯಲಹಂಕದ ಗೆಳೆಯನೊಬ್ಬ ಮನೆಯ ಟೆರೇಸ್ ಮೇಲೆ ಗಾಳಿಯ ದಿಕ್ಕು, ವೇಗ ಅಳೆಯುವ ಸಣ್ಣ ಯಂತ್ರ ಕೂರಿಸಿದ್ದಾನೆ. ಒಂದು ಭಾನುವಾರ ಜುಲೈ ತಿಂಗಳ ಡೇಟಾ ಇಟ್ಟುಕೊಂಡು ಆರ್ ಎಂಬ ಸಾಫ್ಟ್‌ವೇರ್‌ನಲ್ಲಿ ವಿಂಡ್ ರೋಸ್ (ಯಾವ ದಿಕ್ಕಿನಿಂದ ಎಷ್ಟು ಗಾಳಿ ಬಂತು ಎಂದು ವೃತ್ತದ ಸುತ್ತ ಹೂವಿನ ದಳಗಳಂತೆ ತೋರಿಸುವ ಚಿತ್ರ) ಬರೆದು ನನಗೆ ಕಳಿಸಿದ. ‘ಬಣ್ಣ ಸರಿ ಕಾಣ್ತಿಲ್ಲ, ಅಕ್ಷರ ಸಣ್ಣ ಆಯ್ತು, ಸ್ವಲ್ಪ ಚಂದ ಮಾಡಿಕೊಡು’ ಎಂದ. ಚಿತ್ರ ನೋಡಿದೆ. ಬಣ್ಣ ಪರವಾಗಿರಲಿಲ್ಲ. ಆದರೆ ಜುಲೈನಲ್ಲಿ ಬೆಂಗಳೂರಿಗೆ ಗಾಳಿ ಹೆಚ್ಚು ಕಡಿಮೆ ನೇರ ತೆಂಕಣದಿಂದ ಬೀಸುತ್ತಿತ್ತು!

ಮುಂಗಾರಿನಲ್ಲಿ ಇಲ್ಲಿ ಗಾಳಿ ಬರುವುದು ಪಡುವಣ ಮತ್ತು ನೈಋತ್ಯದಿಂದ. ಮನೆಯ ಯಾವ ಕಿಟಕಿಗೆ ಎರಚಲು ಹೊಡೆಯುತ್ತದೆ ಎಂದು ನೆನಪಿಸಿಕೊಂಡರೂ ಗೊತ್ತಾಗುತ್ತದೆ. ಅವನು ಎರಡು ದಿನ ಬಣ್ಣದ ಜೊತೆ ಗುದ್ದಾಡಿದ್ದ. ತಪ್ಪು ಇದ್ದದ್ದು ಒಂದೇ ಒಂದು ಸಾಲಿನಲ್ಲಿ.

ವೃತ್ತದ ಪ್ಲಾಟ್ ‘ಚೆನ್ನಾಗಿ ಕಾಣ್ತಿಲ್ಲ’ ಎಂದು ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಅಂದಚಂದದ ದೂರುಗಳೇ ಅಲ್ಲ ಎಂಬುದು ನನ್ನ ಅನುಭವ. ಸೊನ್ನೆ ಎಲ್ಲಿದೆ? ಯಾವ ಕಡೆಗೆ ಸುತ್ತುತ್ತದೆ? ಒಂದು ಸುತ್ತು ಅಂದರೆ ಎಷ್ಟು? ಈ ಮೂರು ಪ್ರಶ್ನೆಗೆ ನೀವು ಒಂದು ಉತ್ತರ ಅಂದುಕೊಂಡಿರುತ್ತೀರಿ, ಸಾಫ್ಟ್‌ವೇರ್ ಇನ್ನೊಂದು ಅಂದುಕೊಂಡಿರುತ್ತದೆ. ಅದು ಇತ್ಯರ್ಥ ಆಗುವ ತನಕ ಬಣ್ಣ ಮುಟ್ಟಬೇಡಿ.

ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ, ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ. ಅಂಡರ್‌ಸ್ಕೋರ್, ಚುಕ್ಕಿ ಇದ್ದಲ್ಲಿ ಹಾಗೇ ಹಾಕಿ.

ಏನೇ ತೊಂದರೆ ಇರಲಿ, ಮೊದಲು ಚುಕ್ಕಿ ಪರೀಕ್ಷೆ

ಖರ್ಚಿಲ್ಲ, ಎರಡು ನಿಮಿಷದ ಕೆಲಸ. ನಿಮ್ಮ ಡೇಟಾ ಪಕ್ಕಕ್ಕಿಡಿ. ಕೈಯಲ್ಲೇ ಹತ್ತು ಅಂಕಿ ಬರೆಯಿರಿ: 0 ಒಂದು ಸಲ, 90 ಎರಡು ಸಲ, 180 ಮೂರು ಸಲ, 270 ನಾಲ್ಕು ಸಲ. ನಿಮ್ಮ ಪ್ಲಾಟ್ ಕೋಡ್‌ಗೆ ಅದನ್ನೇ ಕೊಡಿ. ಸರ್ಕ್ಯುಲರ್ (ವೃತ್ತದ ಡೇಟಾಕ್ಕೆಂದೇ ಇರುವ ಆರ್‌ನ ಪ್ಯಾಕೇಜ್) ಆದರೆ ‘ಸ್ಟ್ಯಾಕ್ = ಟ್ರೂ’ ಹಾಕಿ. ಇಲ್ಲದಿದ್ದರೆ ಒಂದೇ ಕಡೆಯ ಚುಕ್ಕಿಗಳು ಒಂದರ ಮೇಲೊಂದು ಕೂತು ಒಂದೇ ಆಗಿ ಕಾಣುತ್ತವೆ. (ಟ್ರೂ, ಮುಂದೆ ಬರುವ ಫಾಲ್ಸ್ ಎರಡೂ ಪೂರ್ತಿ ದೊಡ್ಡಕ್ಷರದಲ್ಲಿ.)

ದಿಕ್ಸೂಚಿಯ ಲೆಕ್ಕದಲ್ಲಿ ಮೇಲೆ ಒಂದು, ಬಲಕ್ಕೆ ಎರಡು, ಕೆಳಗೆ ಮೂರು, ಎಡಕ್ಕೆ ನಾಲ್ಕು ಚುಕ್ಕಿ ಕಾಣಬೇಕು. ಎಲ್ಲ ಕಡೆಗೂ ಒಂದೊಂದೇ ಚುಕ್ಕಿ ಇಟ್ಟರೆ ಈ ಪರೀಕ್ಷೆ ದಂಡ. ಹೇಗೆ ತಿರುಗಿಸಿದರೂ ಅದು ಒಂದೇ ತರ ಕಾಣುತ್ತದೆ.

ಲಕ್ಷಣ: ಆಕಾರ ಸರಿ ಇದೆ, ದಿಕ್ಕು ಮಾತ್ರ ತಪ್ಪು

ನಾಲ್ಕು ಚುಕ್ಕಿಯ ಗುಂಪು ಎಲ್ಲಿ ಬಂತು ಎಂದು ನೋಡಿ. ಅದೊಂದೇ ಸಾಕು, ರೋಗ ಯಾವುದೆಂದು ತಿಳಿಯುತ್ತದೆ.

ಕೆಳಗೆ ಬಂದರೆ ಸೊನ್ನೆಯೂ ತಪ್ಪು, ಸುತ್ತುವ ದಿಕ್ಕೂ ತಪ್ಪು. ಬಲಕ್ಕೆ ಬಂದರೆ ಸೊನ್ನೆ ಸರಿಯಾಗಿ ಮೇಲಿದೆ, ಸುತ್ತು ಉಲ್ಟಾ. ಮೇಲೆ ಬಂದರೆ ಸುತ್ತು ಸರಿ, ಸೊನ್ನೆ ಬಲಗಡೆ ಕೂತಿದೆ. ಎಡಕ್ಕೆ ಬಂದರೆ ಸಂಸಾರ ಸರಿಯಾಗಿದೆ, ಮುಂದಿನ ಲಕ್ಷಣಕ್ಕೆ ಹೋಗಿ.

ಕಾರಣ ಸರಳ. ಗಣಿತದವರು ಸೊನ್ನೆಯನ್ನು ಬಲಗಡೆ ಇಟ್ಟು ಅಪ್ರದಕ್ಷಿಣೆ ಹಾಕುತ್ತಾರೆ. ಹವಾಮಾನದವರು, ಗಡಿಯಾರದವರು ಸೊನ್ನೆಯನ್ನು ಮೇಲಿಟ್ಟು ಪ್ರದಕ್ಷಿಣೆ ಹಾಕುತ್ತಾರೆ. ಸರ್ಕ್ಯುಲರ್ ಪ್ಯಾಕೇಜ್ ನೀವು ಏನೂ ಹೇಳದಿದ್ದರೆ ಗಣಿತದವರ ಪಕ್ಷ. ಪೈಥಾನ್ ಭಾಷೆಯಲ್ಲಿ ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಅದೇ ಪಕ್ಷ. ಆರ್‌ನದೇ ಇನ್ನೊಂದು ಪ್ಯಾಕೇಜ್ ಜಿಜಿಪ್ಲಾಟ್2ನಲ್ಲಿ ವೃತ್ತ ಬರೆಯುವ ‘ಕೋಆರ್ಡ್_ಪೋಲಾರ್’ ಮಾತ್ರ ಗಡಿಯಾರದ ಪಕ್ಷ: 12 ಗಂಟೆಯ ಜಾಗದಿಂದ ಶುರು, ಪ್ರದಕ್ಷಿಣೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಸಾಗಿಸಿದವರು ಎಡವುವುದು ಇಲ್ಲೇ.

ಸರ್ಕ್ಯುಲರ್‌ನಲ್ಲಿ ಪರಿಹಾರ: ಡೇಟಾವನ್ನು ‘ಸರ್ಕ್ಯುಲರ್’ ಫಂಕ್ಷನ್‌ಗೆ ಕೊಡುವಾಗಲೇ ಯೂನಿಟ್ಸ್‌ಗೆ ‘ಡಿಗ್ರೀಸ್’, ಟೆಂಪ್ಲೇಟ್‌ಗೆ ‘ಜಿಯಾಗ್ರಫಿಕ್ಸ್’ ಎಂದು ಬರೆಯಿರಿ. ದಿನದ ಗಂಟೆ ಆದರೆ ‘ಅವರ್ಸ್’ ಮತ್ತು ‘ಕ್ಲಾಕ್24’. ಈ ಮಾಹಿತಿ ಡೇಟಾಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಪ್ಲಾಟ್ ಕಮಾಂಡ್‌ನಲ್ಲಿ ಮತ್ತೆ ಝೀರೋ, ರೊಟೇಶನ್ ಎಂದು ಬೇರೆ ಏನೋ ಹಾಕಿ ಎರಡು ಕಡೆ ಜಗಳ ಹಚ್ಚಬೇಡಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಸೆಟ್_ಥೀಟಾ_ಝೀರೋ_ಲೊಕೇಶನ್’ಗೆ ಉತ್ತರ ದಿಕ್ಕಿನ ಅಕ್ಷರ ಎನ್ (ದೊಡ್ಡಕ್ಷರ), ‘ಸೆಟ್_ಥೀಟಾ_ಡೈರೆಕ್ಷನ್’ಗೆ -1 ಕೊಡಿ.

ಈಗ ಬೆಂಗಳೂರಿನವರಿಗೇ ಅಂತ ಒಂದು ಎಚ್ಚರಿಕೆ. ಸೊನ್ನೆ, ಸುತ್ತು ಎರಡೂ ತಪ್ಪಿದರೆ ಇಡೀ ಚಿತ್ರ ಈಶಾನ್ಯ–ನೈಋತ್ಯ ಗೆರೆಯ ಮೇಲೆ ಕನ್ನಡಿ ಹಿಡಿದಂತೆ ಮಗುಚಿಕೊಳ್ಳುತ್ತದೆ. ಆ ಗೆರೆಯ ಮೇಲೆ ಇರುವುದು ಮಾತ್ರ ಅಲುಗುವುದಿಲ್ಲ: 45 ಡಿಗ್ರಿ ಮತ್ತು 225 ಡಿಗ್ರಿ. ನಮ್ಮ ಎರಡು ಮಳೆಗಾಲಗಳ ಹೆಸರೇ ನೈಋತ್ಯ ಮತ್ತು ಈಶಾನ್ಯ, ಅಲ್ವಾ? ಅಂದರೆ ಅಚ್ಚುಕಟ್ಟಾದ ನೈಋತ್ಯ ಗಾಳಿಯ ಡೇಟಾ ಕೊಟ್ಟರೆ ತಪ್ಪು ಕೋಡ್ ಕೂಡ ಸರಿಯಾದ ಚಿತ್ರ ಕೊಡುತ್ತದೆ. ಗೆಳೆಯನ ಯಂತ್ರಕ್ಕೆ ಗಾಳಿ ಜಾಸ್ತಿ 260, 270ರಿಂದ ಬಂದಿತ್ತು, ಅದಕ್ಕೇ ಸಿಕ್ಕಿಬಿದ್ದ. 225ರಿಂದ ಬಂದಿದ್ದರೆ ಇಬ್ಬರೂ ಶಹಬ್ಬಾಸ್ ಎಂದುಕೊಂಡು ಮುಂದೆ ಹೋಗಿರುತ್ತಿದ್ದೆವು. ಚುಕ್ಕಿ ಪರೀಕ್ಷೆ ಬಿಡಬೇಡಿ ಎನ್ನುವುದು ಇದಕ್ಕೇ.

ಇನ್ನೊಂದು ಪುಕ್ಕಟೆ ಸಾಕ್ಷಿ ಊರಲ್ಲೇ ಇದೆ. ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಯೂ ದೇವನಹಳ್ಳಿಯ ರನ್‌ವೇಗಳೂ 09/27. ಅಂದರೆ 90 ಮತ್ತು 270 ಡಿಗ್ರಿ, ಮೂಡಣ–ಪಡುವಣ. ಬೀಸುವ ಗಾಳಿಗೆ ಎದುರಾಗಿ ವಿಮಾನ ಏರಬೇಕು, ಇಳಿಯಬೇಕು. ಹಾಗಾಗಿ ರನ್‌ವೇ ಹಾಕುವಾಗ ಊರಿನ ಗಾಳಿ ನೋಡುತ್ತಾರೆ. ನಿಮ್ಮ ಇಡೀ ವರ್ಷದ ವಿಂಡ್ ರೋಸ್ ಬಡಗಣ–ತೆಂಕಣಕ್ಕೆ ಉದ್ದವಾಗಿದ್ದರೆ ಅನುಮಾನ ಪಡಿ. ಆದರೆ ಮೂಡಣ ಮತ್ತು ಪಡುವಣ ಅದಲುಬದಲಾಗಿದ್ದರೆ ರನ್‌ವೇ ಸಾಕ್ಷಿ ನಡೆಯುವುದಿಲ್ಲ, ಅದು ಎರಡೂ ಕಡೆಯದು. ಆಗ ಜುಲೈ ಒಂದು ಚಿತ್ರ, ಡಿಸೆಂಬರ್ ಒಂದು ಚಿತ್ರ ಬರೆಯಿರಿ. ಜುಲೈ ಪಡುವಣಕ್ಕೆ, ಡಿಸೆಂಬರ್ ಮೂಡಣಕ್ಕೆ ವಾಲಬೇಕು.

ಗಾಳಿಯ ದಿಕ್ಕು ಎಂದರೆ ಗಾಳಿ *ಬರುವ* ದಿಕ್ಕು, ಹೋಗುವ ದಿಕ್ಕಲ್ಲ. ಕೆಲವು ಯಂತ್ರಗಳ ಬಾಣ ನೋಡಿ ಜನ ಇದನ್ನೂ ತಿರುವಿಹಾಕುತ್ತಾರೆ. ಆಗ ವ್ಯತ್ಯಾಸ ಸರಿಯಾಗಿ 180 ಡಿಗ್ರಿ.

ಲಕ್ಷಣ: ಚುಕ್ಕಿಗಳು ವೃತ್ತದ ತುಂಬಾ ಚೆಲ್ಲಿಹೋಗಿವೆ

ಗಾಳಿ ಒಂದೇ ಕಡೆಯಿಂದ ಬಂದದ್ದು ಗೊತ್ತು. ಪ್ಲಾಟ್ ಮಾತ್ರ ಚುರುಮುರಿ ಚೆಲ್ಲಿದ ಹಾಗಿದೆ. ಇದು ಬಹುಪಾಲು ಡಿಗ್ರಿ–ರೇಡಿಯನ್ ಎಡವಟ್ಟು (ರೇಡಿಯನ್ ಎಂದರೆ ಕೋನ ಅಳೆಯುವ ಇನ್ನೊಂದು ಮಾನ). ಯೂನಿಟ್ಸ್ ಹೇಳದಿದ್ದರೆ ಸರ್ಕ್ಯುಲರ್ ಎಲ್ಲವನ್ನೂ ರೇಡಿಯನ್ ಎಂದುಕೊಳ್ಳುತ್ತದೆ. ಒಂದು ಸುತ್ತಿಗೆ ಸುಮಾರು 6.283 ರೇಡಿಯನ್. ನೀವು ಕೊಟ್ಟ 90 ಅದಕ್ಕೆ ಹದಿನಾಲ್ಕು ಸುತ್ತು ಹೊಡೆದು ಮೇಲೊಂದಿಷ್ಟು, ಕೊನೆಗೆ ಹೋಗಿ ನಿಲ್ಲುವುದು 117 ಡಿಗ್ರಿಯ ಹತ್ತಿರ. 180 ನಿಲ್ಲುವುದು 233ರ ಹತ್ತಿರ. ಎರರ್ ಮೆಸೇಜ್ ಬರುವುದಿಲ್ಲ, ಅದೇ ಕಷ್ಟ. ವೃತ್ತದ ಅಂಚಿನಲ್ಲಿ 90, 180 ಬದಲು ಪೈ ಚಿಹ್ನೆ ಕಂಡರೆ ಇದೇ ರೋಗ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದರ ತಮ್ಮ ಇದ್ದಾನೆ. ಪೋಲಾರ್ (ವೃತ್ತದ) ಬಾರ್‌ಗಳು ದಪ್ಪಗೆ ಒಂದರ ಮೇಲೊಂದು ಹತ್ತಿರುತ್ತವೆ. ಬಾರ್‌ನ ಡಿಫಾಲ್ಟ್ ಅಗಲ 0.8. ಪೋಲಾರ್‌ನಲ್ಲಿ ಅದೂ ರೇಡಿಯನ್ನೇ, ಅಂದರೆ ಸುಮಾರು 46 ಡಿಗ್ರಿ. 16 ದಿಕ್ಕು ಇದ್ದರೆ ಅಗಲವನ್ನು ಪೈ/8 ಮಾಡಿ.

ಲಕ್ಷಣ: 23 ಗಂಟೆ ಹೋಗಿ ಸೊನ್ನೆಯ ಮೇಲೆ ಕೂತಿದೆ, ಅಥವಾ ಒಂದು ಬಾರ್ ನಾಪತ್ತೆ

ಇದು ಜಿಜಿಪ್ಲಾಟ್2ನ ಖಾಸಾ ಕಾಯಿಲೆ. ಎಕ್ಸ್ ಅಕ್ಷದಲ್ಲಿ ಗಂಟೆಗಳು 0ಯಿಂದ 23ರ ತನಕ ಇವೆ. ‘ಕೋಆರ್ಡ್_ಪೋಲಾರ್’ಗೆ ದಿನಕ್ಕೆ 24 ಗಂಟೆ ಎಂದು ಯಾರೂ ಹೇಳಿಲ್ಲ. ಕನಿಷ್ಠದಿಂದ ಗರಿಷ್ಠಕ್ಕೆ ಎಳೆದು ವೃತ್ತ ಮುಚ್ಚಿಬಿಡುತ್ತದೆ. ರಾತ್ರಿ ಹನ್ನೊಂದೂ ನಡುರಾತ್ರಿಯೂ ಒಂದೇ ಜಾಗಕ್ಕೆ ಬರುತ್ತವೆ.

ಎಕ್ಸ್ ಅಕ್ಷದ ‘ಲಿಮಿಟ್ಸ್’ ಅನ್ನು 0ಯಿಂದ 24 ಮಾಡಿ. ಗೆರೆ ಅಥವಾ ಚುಕ್ಕಿ ಆದರೆ ಅಷ್ಟೇ ಸಾಕು. ಬಾರ್ ಆದರೆ ಹೊಸ ತಲೆನೋವು: ಸೊನ್ನೆಯ ಬಾರ್ ಅರ್ಧ ಗಂಟೆ ಎಡಕ್ಕೆ, ಅರ್ಧ ಗಂಟೆ ಬಲಕ್ಕೆ ಚಾಚುತ್ತದೆ. ಎಡ ಅಂಚು ಲಿಮಿಟ್‌ನಿಂದ ಆಚೆ ಹೋಯಿತು ಎಂದು ಜಿಜಿಪ್ಲಾಟ್2 ಆ ಬಾರನ್ನೇ ಎತ್ತಿ ಬಿಸಾಡುತ್ತದೆ. ಒಂದು ಸಾಲು ತೆಗೆದೆ ಎಂದು ವಾರ್ನಿಂಗ್ ಕೊಡುತ್ತದೆ, ನಾವು ಓದುವುದಿಲ್ಲ.

ಇಲ್ಲಿ ಸ್ವಲ್ಪ ಯೋಚಿಸಬೇಕು. ‘7 ಗಂಟೆ’ ಎಂದು ಎಣಿಸಿದ್ದು ನಿಜಕ್ಕೂ 7:00ರಿಂದ 7:59ರ ತನಕ. ಹಾಗಾದರೆ ಆ ಬಾರ್‌ನ ನಡು 7ರ ಮೇಲಲ್ಲ, 7.5ರ ಮೇಲೆ ಇರಬೇಕು. ಗಂಟೆಗೆ 0.5 ಕೂಡಿಸಿ, ಅಗಲ 1 ಇಡಿ. ಬಾರ್‌ಗಳೆಲ್ಲ 0–24ರ ಒಳಗೆ ಕೂರುತ್ತವೆ, ಗುರುತೂ ಸರಿಯಾಗುತ್ತದೆ.

ಗಾಳಿಯ ದಿಕ್ಕಿಗೆ ಈ ಉಪಾಯ ಮಾಡಬೇಡಿ. ಬಡಗಣ ಎಂದರೆ ನಿಜಕ್ಕೂ 0ಯ ಎರಡೂ ಪಕ್ಕ. 16 ದಿಕ್ಕನ್ನು ಫ್ಯಾಕ್ಟರ್ (ಅಂಕಿಯಲ್ಲ, ಹೆಸರಿಟ್ಟ ವರ್ಗಗಳು) ಮಾಡಿ ಬರೆದರೆ ಪ್ರತಿ ದಳ 22.5 ಡಿಗ್ರಿ, ಬಡಗಣದ ದಳ 0ಯಿಂದ 22.5ಕ್ಕೆ ವಾಲಿ ನಿಂತಿರುತ್ತದೆ. ಅರ್ಧ ದಳ ಹಿಂದಕ್ಕೆ ತಿರುಗಿಸಬೇಕು: ‘ಸ್ಟಾರ್ಟ್’ಗೆ ಮೈನಸ್ ಪೈ/16. 8 ದಿಕ್ಕಾದರೆ ಮೈನಸ್ ಪೈ/8. ಈ ಸ್ಟಾರ್ಟ್ ಕೂಡ ರೇಡಿಯನ್ನಲ್ಲೇ. ಅಲ್ಲಿ 11.25 ಎಂದು ಡಿಗ್ರಿ ಬರೆದು ಚಿತ್ರ ಗಿರಗಿಟ್ಲೆ ಆದದ್ದನ್ನು ನೋಡಿದ್ದೇನೆ. ಬರೆದವನು ನಾನೇ.

ಇನ್ನೊಂದು ಗುಟ್ಟಾದ ತಪ್ಪು. ಒಂದು ದಿಕ್ಕಿನಿಂದ ಗಾಳಿಯೇ ಬರಲಿಲ್ಲ ಎನ್ನಿ. ಆ ಫ್ಯಾಕ್ಟರ್ ಮಟ್ಟ ಬಿಟ್ಟುಹೋಗಿ ಉಳಿದ 15 ದಳಗಳು ವೃತ್ತವನ್ನು ಹಂಚಿಕೊಳ್ಳುತ್ತವೆ. ಆಮೇಲೆ ಒಂದು ದಿಕ್ಕೂ ತನ್ನ ಜಾಗದಲ್ಲಿ ಇರುವುದಿಲ್ಲ. ಮಟ್ಟಗಳನ್ನು ಪೂರ್ತಿ 16 ಬರೆದು, ‘ಸ್ಕೇಲ್_ಎಕ್ಸ್_ಡಿಸ್ಕ್ರೀಟ್’ನಲ್ಲಿ ‘ಡ್ರಾಪ್ = ಫಾಲ್ಸ್’ ಹಾಕಿ. ದಳ ಎಣಿಸಿ ನೋಡುವುದು ಇನ್ನೂ ಸುಲಭ.

ಗಂಟೆಯ ಗೆರೆ ಕೊನೆಗೆ ಕೂಡಿಕೊಳ್ಳದೆ ಬಾಯಿ ಬಿಟ್ಟುಕೊಂಡಿದ್ದರೆ, ಸೊನ್ನೆ ಗಂಟೆಯ ಸಾಲನ್ನೇ 24 ಎಂದು ನಕಲು ಮಾಡಿ ಕೊನೆಗೆ ಸೇರಿಸಿ.

ಲಕ್ಷಣ: ಬೆಳಗಿನ ಟ್ರಾಫಿಕ್ ನಸುಕಿನ ಮೂರೂವರೆಗೆ ಕಾಣುತ್ತಿದೆ

ಸಿಲ್ಕ್ ಬೋರ್ಡ್‌ನಲ್ಲೂ ಮೂರೂವರೆಗೆ ಜಾಮ್ ಇರುವುದಿಲ್ಲ. ಯಂತ್ರ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ ಬರೆದಿದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 24 ಗಂಟೆಯ ವೃತ್ತದಲ್ಲಿ ಅದು 82.5 ಡಿಗ್ರಿ. ಚಿತ್ರ ಅಷ್ಟು ಹಿಂದಕ್ಕೆ ತಿರುಗಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. (ಹವಾಮಾನ ಇಲಾಖೆಯವರು ಮಳೆಯನ್ನು ಬೆಳಿಗ್ಗೆ 8:30ರಿಂದ 8:30ಕ್ಕೆ ಲೆಕ್ಕ ಹಾಕುತ್ತಾರಲ್ಲ, ಆ ವಿಚಿತ್ರ ಸಮಯದ ಗುಟ್ಟೂ ಇದೇ. ಅದು ಯುಟಿಸಿಯ 3 ಗಂಟೆ.)

ಪ್ಲಾಟ್ ತಿರುಗಿಸಿ ಸರಿಮಾಡಬೇಡಿ, ಸಮಯವನ್ನೇ ಸರಿಮಾಡಿ. ಸಮಯದ ಲೆಕ್ಕಕ್ಕಿರುವ ಲುಬ್ರಿಡೇಟ್ ಪ್ಯಾಕೇಜ್‌ನ ‘ವಿತ್_ಟಿಝಡ್’ಗೆ ಏಷ್ಯಾ/ಕೋಲ್ಕತಾ ಕೊಡಿ (ಎ, ಕೆ ದೊಡ್ಡಕ್ಷರ). ‘ಫೋರ್ಸ್_ಟಿಝಡ್’ ಬೇರೆ. ಅದು ಗಡಿಯಾರದ ಮುಳ್ಳು ಮುಟ್ಟುವುದಿಲ್ಲ, ಹೆಸರಿನ ಚೀಟಿ ಮಾತ್ರ ಬದಲಿಸುತ್ತದೆ.

ಲಕ್ಷಣ: ನಾನೂರು ಅಳತೆ ಕೊಟ್ಟರೆ ಇಪ್ಪತ್ತನಾಲ್ಕೇ ಚುಕ್ಕಿ, ಸ್ಟ್ಯಾಕ್ ಮಾಡಿದರೆ ಚೌಕಟ್ಟಿನಿಂದ ಆಚೆ

ಮೊದಲರ್ಧಕ್ಕೆ ಎರಡು ಕಾರಣ. ಸ್ಟ್ಯಾಕ್ ಹಾಕಿಲ್ಲ, ಅಥವಾ ಸಮಯದಿಂದ ಗಂಟೆ ಮಾತ್ರ ತೆಗೆದು ನಿಮಿಷ ಬಿಟ್ಟಿದ್ದೀರಿ. ನಿಮಿಷವನ್ನು 60ರಿಂದ ಭಾಗಿಸಿ ಗಂಟೆಗೆ ಕೂಡಿಸಿ.

ಆಚೆ ಹೋಗುವ ಚುಕ್ಕಿಗೆ ‘ಶ್ರಿಂಕ್’ ಇದೆ. ಹೆಸರಿನಂತೆಯೇ ಕೆಲಸ: ಅಂಕಿ ಹೆಚ್ಚಿದಷ್ಟೂ ವೃತ್ತ ಕುಗ್ಗುತ್ತದೆ. ಇದನ್ನು ಸೈಝ್ ಎಂದುಕೊಂಡು ‘ದೊಡ್ಡದು ಮಾಡೋಣ’ ಎಂದು 2 ಕೊಟ್ಟವರಿಗೆ ವೃತ್ತ ಗೋಲಿಯಾಗಿ ಕಾಣುತ್ತದೆ. 1.3, 1.5 ಹೀಗೆ ಮೆಲ್ಲಗೆ ಏರಿಸಿ. ಚುಕ್ಕಿಯ ಗಾತ್ರಕ್ಕೆ ‘ಸಿಇಎಕ್ಸ್’, ಚುಕ್ಕಿಗಳ ನಡುವಿನ ಅಂತರಕ್ಕೆ ‘ಸೆಪ್’.

ಹೆಸರಿನಿಂದ ಮೋಸ ಹೋಗುವ ಇನ್ನೊಂದು ಜಾಗ ‘ಡೆನ್ಸಿಟಿ’ ಗೆರೆ, ಅಂದರೆ ಚುಕ್ಕಿಗಳು ಎಲ್ಲಿ ದಟ್ಟವಾಗಿವೆ ಎಂದು ತೋರಿಸುವ ಗೆರೆ. ಮಾಮೂಲಿ ಡೆನ್ಸಿಟಿಯಲ್ಲಿ ‘ಬಿಡಬ್ಲ್ಯೂ’ ಹೆಚ್ಚಿಸಿದರೆ ಗೆರೆ ನುಣುಪಾಗುತ್ತದೆ. ಸರ್ಕ್ಯುಲರ್‌ನಲ್ಲಿ ವಾನ್ ಮೀಸಸ್ ಕರ್ನಲ್ (ವೃತ್ತಕ್ಕೆ ಹೊಂದುವ, ಗೆರೆ ನುಣುಪು ಮಾಡುವ ಸೂತ್ರ) ಇದ್ದಾಗ ಉಲ್ಟಾ. ಅಲ್ಲಿ ಬಿಡಬ್ಲ್ಯೂ ಎಂದರೆ ಎಷ್ಟು ಒಟ್ಟುಗೂಡಿದೆ ಎನ್ನುವ ಅಳತೆ. 100 ಕೊಟ್ಟರೆ ಮುಳ್ಳುಹಂದಿ, 5 ಕೊಟ್ಟರೆ ನುಣುಪು. ಗೆರೆ ಮುಳ್ಳುಮುಳ್ಳಾಗಿದೆ ಎಂದು ಏರಿಸುತ್ತಾ ಹೋಗಬೇಡಿ.

ಲಕ್ಷಣ: ಒಂದೆರಡು ದಳ ಭೂತಾಕಾರ, ಉಳಿದವು ಕಾಣುವುದೇ ಇಲ್ಲ

ಎಣಿಕೆ ಎರಡರಷ್ಟು. ದಳದ ಉದ್ದವನ್ನೂ ಎರಡರಷ್ಟು ಮಾಡಿದಿರಿ. ಕಣ್ಣಿಗೆ ಕಾಣುವುದು ವಿಸ್ತೀರ್ಣ, ಅದು ನಾಲ್ಕರಷ್ಟು ಆಗಿರುತ್ತದೆ. ದೋಸೆಯ ಅಡ್ಡಳತೆ ಎರಡರಷ್ಟಾದರೆ ಹಿಟ್ಟು ನಾಲ್ಕರಷ್ಟು ಬೇಕಲ್ಲ, ಹಾಗೆ. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಸೈನಿಕರ ಸಾವಿನ ಲೆಕ್ಕವನ್ನು ಇಂಥ ದಳಗಳಲ್ಲಿ ತೋರಿಸಿದಾಗ ವಿಸ್ತೀರ್ಣವನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರು.

ಸರ್ಕ್ಯುಲರ್‌ನ ‘ರೋಸ್.ಡಯಾಗ್’ ತಾನಾಗಿಯೇ ವರ್ಗಮೂಲ ತೆಗೆದುಕೊಳ್ಳುತ್ತದೆ. ದಳಗಳೆಲ್ಲ ಮೊಟಕಾಗಿದ್ದರೆ ‘ಪ್ರಾಪ್’ ಏರಿಸಿ, ವೃತ್ತ ದಾಟಿದರೆ ಇಳಿಸಿ. ಜಿಜಿಪ್ಲಾಟ್2ನಲ್ಲಿ ‘ಸ್ಕೇಲ್_ವೈ_ಎಸ್‌ಕ್ಯೂಆರ್‌ಟಿ’ ಹಾಕಬಹುದು, ಆದರೆ ಪ್ರತಿ ದಳವೂ ಒಂದೇ ಬಣ್ಣದ್ದಾಗಿದ್ದರೆ ಮಾತ್ರ. ವೇಗದ ಪ್ರಕಾರ ದಳದೊಳಗೆ ಬಣ್ಣದ ಪಟ್ಟಿ ಇದ್ದರೆ ಹಾಕಬೇಡಿ. ಜಿಜಿಪ್ಲಾಟ್2 ಮೊದಲು ವರ್ಗಮೂಲ ತೆಗೆದು, ಆಮೇಲೆ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. 9 ಮತ್ತು 16 ಸೇರಿ 25 ಆಗಬೇಕು, ಅದರ ಮೂಲ 5. ಅದು ಬರೆಯುವುದು 3 ಮತ್ತು 4 ಸೇರಿ 7. ಚಿತ್ರ ಚಂದವಾಗಿಯೇ ಬರುತ್ತದೆ, ಸುಳ್ಳು ಹೇಳುತ್ತದೆ.

ಪಟ್ಟಿ ಇದ್ದಾಗ ನಾನು ಉದ್ದವನ್ನೇ ಇಟ್ಟು, ಶೇಕಡಾ ವೃತ್ತಗಳನ್ನು ದಪ್ಪಗೆ ತೋರಿಸುತ್ತೇನೆ. ಜೋರು ಗಾಳಿಯ ಬಣ್ಣ ನಡುವಿಗೆ, ಮಂದ ಗಾಳಿ ಹೊರಗೆ ಬಂದಿದ್ದರೆ ‘ಪೊಸಿಷನ್_ಸ್ಟ್ಯಾಕ್’ನಲ್ಲಿ ‘ರಿವರ್ಸ್ = ಟ್ರೂ’.

ನಡುವೆ ಬಳೆಯಂತೆ ತೂತು ಬೇಕು ಎನ್ನುವವರಿಗೆ: 2024ರಲ್ಲಿ ಬಂದ ಜಿಜಿಪ್ಲಾಟ್2ನ 3.5.0 ಆವೃತ್ತಿಯಿಂದ ‘ಕೋಆರ್ಡ್_ರೇಡಿಯಲ್’ ಇದೆ. ಅದರಲ್ಲಿ ‘ಇನ್ನರ್.ರೇಡಿಯಸ್’ ಕೊಟ್ಟರೆ ಆಯಿತು. ಹಳೆಯ ಕೋಡ್‌ನಿಂದ ಇದಕ್ಕೆ ಬಂದಾಗ ವೃತ್ತದಲ್ಲಿ ಒಂದು ಸಂದು ಕಂಡರೆ ಹೆದರಬೇಡಿ. ‘ಎಕ್ಸ್‌ಪ್ಯಾಂಡ್ = ಫಾಲ್ಸ್’ ಮಾಡಿ.

ಲಕ್ಷಣ: ನಾಲ್ಕು ಮೂಲ ದಿಕ್ಕಿಗೆ ಮಾತ್ರ ಚೂಪು ಏಟು, ಅಥವಾ ಬಡಗಣಕ್ಕೆ ಒಂಟಿ ಕಂಬ

ವಿಮಾನ ನಿಲ್ದಾಣದ ಮೀಟಾರ್ ಎಂಬ ಹವಾಮಾನ ವರದಿಗಳ ಡೇಟಾ ಬಳಸಿದವರಿಗೆ ಇದು ಗ್ಯಾರಂಟಿ. ಅಲ್ಲಿ ದಿಕ್ಕು 10 ಡಿಗ್ರಿಯ ಲೆಕ್ಕದಲ್ಲಿ ಬರುತ್ತದೆ: 10, 20, 30 ಹೀಗೆ 360ರ ತನಕ. ಅದನ್ನು 22.5 ಡಿಗ್ರಿಯ 16 ದಳಕ್ಕೆ ಹಂಚಿ ನೋಡಿ. ಬಡಗಣದ ದಳಕ್ಕೆ 350, 360, 10 ಸಿಗುತ್ತವೆ, ಮೂರು. ಪಕ್ಕದ ದಳಕ್ಕೆ 20, 30, ಎರಡೇ. ಮೂಡಣ, ತೆಂಕಣ, ಪಡುವಣಕ್ಕೂ ಮೂರು ಮೂರು, ಉಳಿದ ಹನ್ನೆರಡಕ್ಕೆ ಎರಡೆರಡು. ಗಾಳಿ ಎಲ್ಲ ಕಡೆಯಿಂದ ಸಮವಾಗಿ ಬೀಸಿದರೂ ಆ ನಾಲ್ಕು ದಳಗಳು ಒಂದೂವರೆಯಷ್ಟು ಉದ್ದ. ಗಾಳಿಯ ತಪ್ಪಲ್ಲ, ಹಂಚಿಕೆಯ ತಪ್ಪು.

ಪರಿಹಾರ: 30 ಡಿಗ್ರಿಯ 12 ದಳ ಮಾಡಿ, ಎಲ್ಲರಿಗೂ ಮೂರು ಮೂರು. ಆರ್‌ನ ಓಪನ್‌ಏರ್ ಪ್ಯಾಕೇಜ್‌ನ ‘ವಿಂಡ್‌ರೋಸ್’ (ನಡುವಿನ ಆರ್ ದೊಡ್ಡಕ್ಷರ) ಸುಮ್ನೆ 30 ಇಟ್ಟುಕೊಂಡಿಲ್ಲ. ಬೇರೆ ಕೋನ ಕೇಳಿದರೂ ‘ಬಯಾಸ್.ಕಾರ್’ ಎಂಬ ತಿದ್ದುಪಡಿ ಅದರಲ್ಲಿದೆ.

ಬಡಗಣಕ್ಕೆ ಮಾತ್ರ ಒಂಟಿ ಕಂಬ ಎದ್ದಿದ್ದರೆ ಗಾಳಿಯೇ ಇಲ್ಲದ ಹೊತ್ತನ್ನು ನೋಡಿ. ನಿಶ್ಚಲ ಗಾಳಿಗೆ ಮೀಟಾರ್‌ನಲ್ಲಿ ದಿಕ್ಕು 000, ವೇಗ 00. ನಿಜವಾದ ಬಡಗಣ ಗಾಳಿ 360. ಎರಡನ್ನೂ ವೃತ್ತ ಒಂದೇ ಜಾಗಕ್ಕೆ ತಳ್ಳುತ್ತದೆ. ವೇಗ ಸೊನ್ನೆ ಇರುವ ಸಾಲುಗಳನ್ನು ಬೇರೆ ಮಾಡಿ, ಅವು ಶೇಕಡಾ ಎಷ್ಟು ಎಂದು ಚಿತ್ರದ ಕೆಳಗೆ ಬರೆಯಿರಿ. ಅಳಿಸಿಹಾಕಬೇಡಿ, ಅದೂ ಮಾಹಿತಿಯೇ.

ಲಕ್ಷಣ: ಕನ್ನಡ ಅಕ್ಷರದ ಬದಲು ಚೌಕ, ಅಥವಾ ಒತ್ತಕ್ಷರ ಒಡೆದಿದೆ

ಚೌಕ ಬಂದರೆ ಫಾಂಟ್ ಸಿಕ್ಕಿಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿಕೊಂಡು ಥೀಮ್‌ನಲ್ಲಿ ಅದರ ಹೆಸರು ಬರೆಯಿರಿ. ‘ಉತ್ತರ’ ಹೋಗಿ ‘ಉತ್‌ತರ’ ಆಗಿದ್ದರೆ ಫಾಂಟ್ ಸಿಕ್ಕಿದೆ, ಅಕ್ಷರ ಜೋಡಿಸುವ ಕೆಲಸ ಆಗುತ್ತಿಲ್ಲ. ಚಿತ್ರದಲ್ಲಿ ಅಕ್ಷರ ಸರಿಯಾಗಿ ಜೋಡಿಸುವ ರಾಗ್ ಪ್ಯಾಕೇಜ್ ಹಾಕಿ. ಆರ್‌ಸ್ಟುಡಿಯೋದ ಗ್ಲೋಬಲ್ ಆಪ್ಷನ್ಸ್‌ನಲ್ಲಿ ಗ್ರಾಫಿಕ್ಸ್ ಬ್ಯಾಕೆಂಡನ್ನು ಎಜಿಜಿ ಮಾಡಿ. ಪಿಡಿಎಫ್ ಬೇಕಿದ್ದರೆ ಬರೀ ‘ಪಿಡಿಎಫ್’ ಅಲ್ಲ, ‘ಕೈರೋ_ಪಿಡಿಎಫ್’. ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬಂದರೆ ನಿಮ್ಮ ಫೈಲ್ ಹಳೆಯ ನುಡಿ ಆಸ್ಕಿ ಬರಹ. ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ, ಪ್ಲಾಟ್‌ನಲ್ಲಿ ಅದಕ್ಕೆ ಮದ್ದಿಲ್ಲ.

ವೃತ್ತದ ಸುತ್ತ ಬರೆದ ಹೆಸರು ಎಡಭಾಗದಲ್ಲಿ ತಲೆಕೆಳಗಾಗಿದ್ದರೆ, ಆ ಅರ್ಧಕ್ಕೆ ಮಾತ್ರ ಕೋನಕ್ಕೆ 180 ಕೂಡಿಸಿ, ‘ಎಚ್‌ಜಸ್ಟ್’ 0 ಇದ್ದದ್ದನ್ನು 1 ಮಾಡಿ. ಅಂಚಿನಲ್ಲಿ ಕತ್ತರಿಸಿದ್ದರೆ ‘ಕ್ಲಿಪ್’ಗೆ ‘ಆಫ್’ ಕೊಟ್ಟು ಮಾರ್ಜಿನ್ ಹೆಚ್ಚಿಸಿ.

ಲಕ್ಷಣ: ಸರಾಸರಿಯ ಬಾಣ ಯಾರೂ ಇಲ್ಲದ ಕಡೆಗೆ ತೋರಿಸುತ್ತಿದೆ

ರಾತ್ರಿ 23 ಮತ್ತು 1, ಇವೆರಡರ ಸರಾಸರಿ ನಡುರಾತ್ರಿ. ಮಾಮೂಲಿ ‘ಮೀನ್’ 12 ಎನ್ನುತ್ತದೆ, ನಡುಮಧ್ಯಾಹ್ನ. ಬಾಣ ನೇರ ಎದುರು ದಿಕ್ಕಿಗಿದ್ದರೆ ಡೇಟಾ ಸರ್ಕ್ಯುಲರ್ ಆಗಿ ಉಳಿದಿದೆಯೇ ಎಂದು ‘ಕ್ಲಾಸ್’ ಕೇಳಿ ನೋಡಿ. ಎಷ್ಟೋ ಸಲ ಡೇಟಾ ಫ್ರೇಮ್‌ನೊಳಗೆ ಹೋಗಿ ಬರುವಾಗ ಆ ಗುರುತು ಕಳಚಿರುತ್ತದೆ.

ಎಲ್ಲ ಸರಿ ಇದ್ದೂ ಬಾಣ ಖಾಲಿ ಜಾಗಕ್ಕೆ ತೋರಿಸಿದರೆ, ಡೇಟಾಕ್ಕೆ ಎರಡು ಗುಡ್ಡ ಇರಬೇಕು. ಬೆಳಿಗ್ಗೆ 9, ರಾತ್ರಿ 9 ಒಂದನ್ನೊಂದು ಹೊಡೆದುಹಾಕುತ್ತವೆ. ಅಂಥ ಕಡೆ ಬಾಣವನ್ನೇ ತೆಗೆಯಿರಿ. ಡೇಟಾ ಒಂದು ಕಡೆಗೆ ವಾಲಿದೆಯೇ ಎಂದು ನೋಡುವ ರೇಲಿ ಪರೀಕ್ಷೆಯೂ ಅಲ್ಲಿ ಕೈಕೊಡುತ್ತದೆ. ಅದು ಹುಡುಕುವುದು ಒಂದೇ ಗುಡ್ಡವನ್ನು. ಇಲ್ಲಿಂದ ಮುಂದೆ ಅದು ಚಿತ್ರದ ಪ್ರಶ್ನೆ ಅಲ್ಲ, ಸಂಖ್ಯಾಶಾಸ್ತ್ರದ ಪ್ರಶ್ನೆ. ಪ್ರಬಂಧಕ್ಕೋ ವರದಿಗೋ ಬರೆಯುತ್ತಿದ್ದರೆ ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕೇಳಿ.

ಲಕ್ಷಣ: ಕಾರ್ಡ್ ಡಯಾಗ್ರಾಂನಲ್ಲಿ ನೇರಳೆ ಮಾರ್ಗ ಹಸಿರಾಗಿದೆ

ವೃತ್ತದ ಅಂಚಿನ ಗುಂಪುಗಳ ನಡುವಿನ ಓಡಾಟವನ್ನು ಪಟ್ಟಿಗಳಲ್ಲಿ ತೋರಿಸುವ ಚಿತ್ರವೇ ಕಾರ್ಡ್ ಡಯಾಗ್ರಾಂ. ಆರ್‌ನ ಸರ್ಕ್‌ಲೈಝ್ ಪ್ಯಾಕೇಜ್‌ನಲ್ಲಿ ನಮ್ಮ ಮೆಟ್ರೋದ ನೇರಳೆ, ಹಸಿರು, ಹಳದಿ ಮಾರ್ಗಗಳ ನಡುವಿನ ಓಡಾಟ ಬರೆದಿರಿ ಎನ್ನಿ. ಬಣ್ಣ ಹೇಳದಿದ್ದರೆ ಪ್ರತಿ ಸಲವೂ ಲಾಟರಿ. ‘ಗ್ರಿಡ್.ಕಾಲ್’ಗೆ ಹೆಸರು ಸಹಿತ ಬಣ್ಣ ಕೊಡಿ. ಎರಡನೇ ಸಲ ಓಡಿಸಿದಾಗ ಹಳೆಯ ಸೆಟ್ಟಿಂಗ್ ಅಂಟಿಕೊಂಡಿದ್ದರೆ ‘ಸರ್ಕೋಸ್.ಕ್ಲಿಯರ್’ ಮರೆತಿದ್ದೀರಿ. ‘ಸರ್ಕೋಸ್.ಪಾರ್’ನಲ್ಲಿ ಕೋನ, ಸಂದು ಬದಲಿಸಿದ್ದು ತಾಗುತ್ತಿಲ್ಲವೇ? ಅದು ‘ಇನಿಷಿಯಲೈಝ್’ಗಿಂತ ಮೊದಲು ಬರಬೇಕು. ಜಾಗ ಸಾಲದು ಎಂಬ ಎರರ್ ಬಂದರೆ ಟ್ರ್ಯಾಕ್ (ಒಂದರೊಳಗೊಂದು ಇರುವ ಉಂಗುರದ ಪಟ್ಟಿ) ಲೆಕ್ಕ ಹಾಕಿ. ಒಂದರ ಎತ್ತರ ಡಿಫಾಲ್ಟ್ 0.2, ವೃತ್ತದ ತ್ರಿಜ್ಯ 1. ಅಂಚೂ ಸೇರಿ ಐದನೆಯದಕ್ಕೆ ಜಾಗ ಇರುವುದಿಲ್ಲ.

ಲಕ್ಷಣ: ಚುಕ್ಕಿ ಪರೀಕ್ಷೆ ಪಾಸು, ಗಾಳಿ ಮಾತ್ರ ಇನ್ನೂ ಓರೆ

ಇಲ್ಲಿಗೆ ಬಂದರೆ ಕೋಡ್ ಬಿಡಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೋರಿಸಿದಂತೆ ಪ್ಲಾಟ್ ಮೇಲೆ ತೋರಿಸಬೇಡಿ. ಯಂತ್ರವೇ ಓರೆ ಕೂತಿರಬಹುದು. ವರ್ಷವಿಡೀ, ಎಲ್ಲ ಋತುವಿನಲ್ಲೂ ಒಂದೇ ಅಳತೆಯಷ್ಟು ತಿರುಗಿದ್ದರೆ ಅದೇ ಕಾರಣ. ಒಂದು ಕಡೆ ಮಾತ್ರ ಕಚ್ಚಿದ ಹಾಗೆ ಖಾಲಿ ಇದ್ದರೆ ಆ ಕಡೆ ಏನು ನಿಂತಿದೆ ನೋಡಿ. ಗಾಳಿಯನ್ನು ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ, ಅಡ್ಡ ಇರುವ ವಸ್ತುವಿನ ಎತ್ತರದ ಹತ್ತರಷ್ಟು ದೂರದಲ್ಲಿ ಅಳೆಯಬೇಕು ಎನ್ನುವುದು ಲೋಕದ ನಿಯಮ. ನಮ್ಮ ಟೆರೇಸ್‌ಗಳಲ್ಲಿ ಪಕ್ಕದಲ್ಲೇ ನೀರಿನ ಟ್ಯಾಂಕ್ ಇರುತ್ತದೆ. ಆಗ ವಿಂಡ್ ರೋಸ್‌ನಲ್ಲಿ ಕಾಣುವುದು ಟ್ಯಾಂಕ್‌ನ ನೆರಳು.

ದಿಕ್ಕು ಸರಿಮಾಡಲು ಮೊಬೈಲ್ ದಿಕ್ಸೂಚಿ ನಂಬಬೇಡಿ. ಕಬ್ಬಿಣದ ಸರಳು, ಸ್ಟೀಲ್ ಟ್ಯಾಂಕ್ ಹತ್ತಿರ ಅದರ ಮುಳ್ಳು ದಾರಿ ತಪ್ಪುತ್ತದೆ. ಉಪಗ್ರಹ ನಕ್ಷೆಯಲ್ಲಿ ನಿಮ್ಮ ಮನೆಯಿಂದ ಕಾಣುವ ದೂರದ ಗೋಪುರವನ್ನೋ ಟವರನ್ನೋ ಗುರುತಿಸಿ, ಆ ಕೋನದಿಂದ ಲೆಕ್ಕ ಹಾಕಿ.

ಕಂಬ ಹತ್ತುವ ಕೆಲಸ ಇದ್ದರೆ ಒಬ್ಬರೇ ಹತ್ತಬೇಡಿ. ಮಳೆ, ಗುಡುಗು ಇದ್ದಾಗ ಟೆರೇಸ್‌ಗೇ ಹೋಗಬೇಡಿ. ಕರೆಂಟ್ ತಂತಿ ಟೆರೇಸ್ ಪಕ್ಕದಲ್ಲೇ ಹಾದುಹೋಗಿದ್ದರೆ ಕಬ್ಬಿಣದ ಪೈಪ್ ಎತ್ತುವ ಆಲೋಚನೆ ಅಲ್ಲಿಗೇ ಬಿಟ್ಟು ಲೈನ್‌ಮನ್‌ನನ್ನು ಕರೆಯಿರಿ.

ಯಾವಾಗ ಕೈಚೆಲ್ಲಿ ಕೇಳಬೇಕು

ಚುಕ್ಕಿ ಪರೀಕ್ಷೆಯೇ ಪಾಸಾಗದೆ ಒಂದು ಗಂಟೆ ಕಳೆದಿದ್ದರೆ ಸಾಕು. ಹೊಸ ಸೆಷನ್ ತೆರೆದು, ಪ್ಯಾಕೇಜ್ ಅಪ್‌ಡೇಟ್ ಮಾಡಿ ಒಮ್ಮೆ ನೋಡಿ. ಆಮೇಲೂ ಆಗದಿದ್ದರೆ ಕೇಳಿ. ಕೇಳುವಾಗ ಇಡೀ ಫೈಲ್ ಕಳಿಸಬೇಡಿ. ಆ ಹತ್ತು ಅಂಕಿ, ಓಡುವ ಕೋಡ್, ಆರ್, ಪ್ಯಾಕೇಜ್‌ಗಳ ಆವೃತ್ತಿ ಹೇಳುವ ‘ಸೆಷನ್‌ಇನ್ಫೋ’ (ಇನ್ಫೋದ ಐ ದೊಡ್ಡಕ್ಷರ) ಕೊಟ್ಟ ಉತ್ತರ, ಏನು ಕಾಣಬೇಕಿತ್ತು ಎಂದು ಕೈಯಲ್ಲಿ ಬರೆದ ಒಂದು ವೃತ್ತದ ಫೋಟೋ. ಕೈಚಿತ್ರ ನೋಡಿದ ಕೂಡಲೇ ಉತ್ತರ ಹೊಳೆಯುವುದು ಜಾಸ್ತಿ. ಡೇಟಾದಲ್ಲಿ ಜನರ ಹೆಸರು, ಮನೆಯ ಜಾಗ, ಆಂಬುಲೆನ್ಸ್ ಕರೆಯ ಸಮಯ ಇಂಥದ್ದು ಇದ್ದರೆ ಒಂದು ಸಾಲೂ ಹೊರಗೆ ಹೋಗಬಾರದು.

ಮೂಲ ಫೈಲ್ ಮೇಲೆ ಯಾವತ್ತೂ ಸೇವ್ ಮಾಡಬೇಡಿ. ದಿಕ್ಕು ತಿದ್ದಿದ್ದನ್ನು ಬೇರೆ ಕಾಲಂನಲ್ಲಿ ಇಡಿ. ಗೆಳೆಯ ಟೆಂಪ್ಲೇಟ್ ಸಾಲು ಹಾಕಿದ ಮೇಲೆ ಚಿತ್ರ ಪಡುವಣಕ್ಕೆ ಬಂತು. ಆದರೆ ಅದಕ್ಕೂ ಮೊದಲು ಅವನು ಅಂದಾಜಿನ ಮೇಲೆ ಜೂನ್ ಫೈಲ್‌ನ ಎಲ್ಲ ದಿಕ್ಕಿಗೂ 90 ಕೂಡಿಸಿ ಸೇವ್ ಮಾಡಿದ್ದ. ಒಂದು ಸಲವೋ ಎರಡು ಸಲವೋ ನೆನಪಿಲ್ಲ ಎನ್ನುತ್ತಾನೆ.